ಉಪ್ಪಾಗೆ ಹುಳಿಯಿಂದ ಪೆನ್ನಿನ ಸೂಜಿಯವರೆಗೆ: ತೂಕ ಇಳಿಸುವ ಮದ್ದು ಮತ್ತು ಅದರ ಅಳತೆ

1990ರ ದಶಕದ ಮಳೆಗಾಲದಲ್ಲಿ ಕೊಪ್ಪದಿಂದ ಶೃಂಗೇರಿಗೆ ಬಸ್ಸಿನಲ್ಲಿ ಹೋಗುವಾಗ ಕಾಡಂಚಿನ ಮನೆಗಳ ಹಿತ್ತಲಿನಿಂದ ದಟ್ಟ ಹೊಗೆ ಏಳುವುದನ್ನು ನಾವು ನೋಡುತ್ತಿದ್ದೆವು. ಅಡಕೆ ಬೇಯಿಸುವ ಕಾಲ ಅದಲ್ಲ. ಬೆಂಕಿಯ ಮೇಲೆ ಬಿದಿರಿನ ತಟ್ಟಿ ಕಟ್ಟಿ, ಅದರ ಮೇಲೆ ಉಪ್ಪಾಗೆ ಸಿಪ್ಪೆ ಹರವಿ ಒಣಗಿಸುತ್ತಿದ್ದರು. ಉಪ್ಪಾಗೆ ಹಣ್ಣಾಗುವುದೇ ಮಳೆಗಾಲದಲ್ಲಿ. ಬಿಸಿಲನ್ನು ನಂಬಿ ಕುಳಿತರೆ ಸಿಪ್ಪೆ ಕೊಳೆಯುತ್ತದೆ. ಹಾಗಾಗಿ ಕಾಡಿನ ಹಣ್ಣನ್ನು ಒಣಗಿಸಲು ಕಾಡಿನ ಸೌದೆಯನ್ನೇ ಉರಿಸಬೇಕು. ಇಷ್ಟೊಂದು ಹುಳಿಯನ್ನು ಯಾರು ತಿನ್ನುತ್ತಾರೆಂದು ಕೇಳಿದರೆ, ವ್ಯಾಪಾರಿಯ ಜೊತೆ ಬಂದ ಲಾರಿಯವನು ನಗುತ್ತಾ ಹೇಳುತ್ತಿದ್ದ: "ಇದು ತಿನ್ನಲಿಕ್ಕಲ್ಲ ಮಾರಾಯ್ರೇ, ತಿಂದದ್ದನ್ನು ಕರಗಿಸಲಿಕ್ಕೆ. ಅಮೆರಿಕಕ್ಕೆ ಹೋಗ್ತದೆ."

ಆಗ ಅದು ನಮಗೆ ತಮಾಷೆಯಾಗಿ ಕಂಡಿತ್ತು. ಕುಂಬಳದಂತೆ ಏಣೇಣು ಇರುವ ಈ ಸಣ್ಣ ಹಳದಿ ಹಣ್ಣು ನಮ್ಮ ಕಡೆಯವರಿಗೆ ಅಡುಗೆಮನೆಯ ಸಾಮಾನು. ಹುಣಸೆ ಇಲ್ಲದ ದಿನ ಸಾರಿಗೆ ಒಂದು ಚೂರು ಸಿಪ್ಪೆ. ಕೇರಳದ ಮೂಲದ ಮನೆಗಳಲ್ಲಿ ಮೀನು ಸಾರಿಗೆ ಇದೇ ಕುಡಂಪುಳಿ. ಕೊಡಗಿನವರು ಇದರ ರಸವನ್ನು ಕಪ್ಪಗಾಗುವ ತನಕ ಕಾಯಿಸಿ ಕಾಚಂಪುಳಿ ಮಾಡುತ್ತಾರೆ, ಹಂದಿಮಾಂಸದ ಅಡುಗೆಗೆ ಅದಿಲ್ಲದಿದ್ದರೆ ಅವರಿಗೆ ನಡೆಯದು. ಇನ್ನೊಂದು ಸ್ವಾರಸ್ಯವೆಂದರೆ, ಬೊಜ್ಜು ಕರಗಿಸುತ್ತದೆಂದು ಹೆಸರಾದ ಈ ಹಣ್ಣಿನ ಬೀಜದಲ್ಲೇ ಕೊಬ್ಬಿದೆ. ಅದನ್ನು ಕುದಿಸಿ ತೆಗೆದ ಉಪ್ಪಾಗೆ ತುಪ್ಪದಲ್ಲಿ ಉತ್ತರ ಕನ್ನಡದ ಕಾಡಿನ ಮನೆಗಳವರು ರೊಟ್ಟಿ ತಿಂದು ಬದುಕಿದ್ದಾರೆ.

ಈ ಹುಳಿ ಮದ್ದಾದ ಕಥೆಯ ಮೊದಲ ಅಧ್ಯಾಯ ನಮ್ಮ ಮೈಸೂರಿನದು. ಅಲ್ಲಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯ ವೈ. ಎಸ್. ಲೂಯಿಸ್ ಮತ್ತು ಎಸ್. ನೀಲಕಂಠನ್, ಉಪ್ಪಾಗೆಯ ಹುಳಿ ಹುಣಸೆಯ ಹುಳಿಯೂ ಅಲ್ಲ, ನಿಂಬೆಯ ಹುಳಿಯೂ ಅಲ್ಲ, ಹೈಡ್ರಾಕ್ಸಿಸಿಟ್ರಿಕ್ ಆಮ್ಲವೆಂಬ ಬೇರೆಯೇ ವಸ್ತು ಎಂದು 1965ರಲ್ಲಿ ಪ್ರಕಟಿಸಿದರು. ಅವರ ಗಮನ ಆಹಾರದ ರಸಾಯನದ ಮೇಲಿತ್ತು, ಯಾರ ಸೊಂಟದ ಸುತ್ತಳತೆಯ ಮೇಲೂ ಅಲ್ಲ. 1969ರಲ್ಲಿ ಅಮೆರಿಕದ ಬ್ರಾಂಡೈಸ್ ವಿಶ್ವವಿದ್ಯಾಲಯದ ಜಾನ್ ಲೋವೆನ್‌ಸ್ಟೈನ್ ಮತ್ತು ಸಂಗಡಿಗರು, ದೇಹ ಹೆಚ್ಚುವರಿ ಸಕ್ಕರೆಯನ್ನು ಕೊಬ್ಬಾಗಿ ಪರಿವರ್ತಿಸಲು ಬಳಸುವ ಒಂದು ಕಿಣ್ವವನ್ನು ಈ ಆಮ್ಲ ತಡೆಯುತ್ತದೆ ಎಂದು ತೋರಿಸಿದರು. 1970ರ ದಶಕದಲ್ಲಿ ಇಲಿಗಳಿಗೆ ಕೊಟ್ಟು ನೋಡಿದಾಗ ಅವುಗಳ ಹಸಿವೆಯೂ ತೂಕವೂ ಇಳಿದವು. ಇಲಿ ಸಣ್ಣಗಾದ ಸುದ್ದಿ ಮಾರುಕಟ್ಟೆಗೆ ತಲುಪಲು ಇಪ್ಪತ್ತು ವರ್ಷ ಹಿಡಿಯಿತು. ತಲುಪಿದ ಮೇಲೆ ತಡೆಯುವವರಿರಲಿಲ್ಲ. ಉತ್ತರ ಕನ್ನಡದಿಂದ ಕೊಡಗಿನವರೆಗೆ ಘಟ್ಟದ ಕಾಡುಗಳಲ್ಲಿ ಉಪ್ಪಾಗೆ ಕೊಯ್ಯುವವರ ಪೈಪೋಟಿ ಶುರುವಾಯಿತು. ಹಣ್ಣಾಗುವ ಮೊದಲೇ ಕೊಯ್ದರು, ಕೈಗೆಟುಕದ ಕೊಂಬೆಯನ್ನೇ ಕಡಿದರು. ಕೆಲವು ವರ್ಷ ಒಳ್ಳೆಯ ಬೆಲೆ ಬಂತು, ಆಮೇಲೆ ಬಿದ್ದುಹೋಯಿತು. ಬೆಲೆ ಏಕೆ ಏರಿತು, ಏಕೆ ಇಳಿಯಿತು ಎಂಬುದನ್ನು ಸಿಪ್ಪೆ ಒಣಗಿಸಿದವರಿಗೆ ಯಾರೂ ಹೇಳಲಿಲ್ಲ.

ಉಪ್ಪಾಗೆಯ ಪರೀಕ್ಷೆ ನಡೆದದ್ದು ನ್ಯೂಯಾರ್ಕಿನಲ್ಲಿ. ಸ್ಟೀವನ್ ಹೇಮ್ಸ್‌ಫೀಲ್ಡ್ ಮತ್ತು ಅವರ ಸಂಗಡಿಗರು ದಪ್ಪಗಿರುವ 135 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ದಿನಕ್ಕೆ 1500 ಮಿಲಿಗ್ರಾಂ ಉಪ್ಪಾಗೆ ಆಮ್ಲ, ಇನ್ನೊಂದಕ್ಕೆ ನೋಡಲು ಅದೇ ರೀತಿಯ ಹುಸಿ ಗುಳಿಗೆ. 12 ವಾರ ಕಳೆದು ತೂಗಿದರೆ, ಉಪ್ಪಾಗೆ ನುಂಗಿದವರು ಸರಾಸರಿ 3.2 ಕಿಲೋ ಇಳಿದಿದ್ದರು, ಹುಸಿ ಗುಳಿಗೆ ನುಂಗಿದವರು 4.1 ಕಿಲೋ! 1998ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಈ ವರದಿ ಬಂತು.

ಇಲ್ಲಿಂದ ಮುಂದಿನದು ನಮ್ಮ ವಿಷಯಕ್ಕೆ ಬಹಳ ಹತ್ತಿರ. ಮದ್ದು ಕೆಲಸ ಮಾಡಲಿಲ್ಲ ಎಂದು ಒಪ್ಪುವ ಬದಲು, ಅಳತೆ ಸಾಲಲಿಲ್ಲ ಎಂದು ವಾದಿಸುವವರು ಹುಟ್ಟಿಕೊಂಡರು. 2004ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗ ಆಂಧ್ರದ ಏಲೂರಿನಲ್ಲಿ 60 ಜನರ ಮೇಲೆ ಎಂಟು ವಾರ ನಡೆದದ್ದು. ಅದರಲ್ಲಿ ದಿನದ ಅಳತೆಯನ್ನು 2800 ಮಿಲಿಗ್ರಾಂಗೆ ಏರಿಸಲಾಯಿತು. ಜೊತೆಗೆ 2000 ಕ್ಯಾಲರಿಯ ಊಟ, ವಾರಕ್ಕೆ ಐದು ದಿನ ನಡಿಗೆ. ತೂಕ ಇಳಿಯಿತೆಂದು ಅವರು ಬರೆದರು. ಅಂಗಡಿಯ ಡಬ್ಬಿಗಳ ಮೇಲೆ ಅಂಕೆಗಳು ಬೆಳೆಯುತ್ತಾ ಹೋದವು. ಸಾರಿಗೆ ಒಂದು ಚೂರು ಹಾಕುತ್ತಿದ್ದ ಪದಾರ್ಥವನ್ನು ಜನ ಗ್ರಾಂ ಲೆಕ್ಕದಲ್ಲಿ, ಅದೂ ಸಾರ ತೆಗೆದು, ನುಂಗತೊಡಗಿದರು. 'ಗಿಡಮೂಲಿಕೆ ತಾನೇ, ಏನಾಗುತ್ತೆ' ಎಂಬ ಮಾತು ನಮ್ಮಲ್ಲಿ ಎಷ್ಟಿದೆಯೋ ಅಮೆರಿಕದಲ್ಲೂ ಅಷ್ಟೇ ಇತ್ತು. 2009ರ ಮೇ 1ರಂದು ಅಲ್ಲಿನ ಔಷಧ ಇಲಾಖೆ ಹೈಡ್ರಾಕ್ಸಿಕಟ್ ಎಂಬ ತೂಕ ಇಳಿಸುವ ಮಾತ್ರೆಯ ಬಗ್ಗೆ ಎಚ್ಚರಿಕೆ ಕೊಟ್ಟಿತು. ಲಿವರ್ ಕೆಟ್ಟ 23 ಪ್ರಕರಣಗಳು ಅದರ ಮುಂದಿದ್ದವು, 19 ವರ್ಷದ ಒಬ್ಬ ಹುಡುಗ ಸತ್ತಿದ್ದ. ಆ ಮಾತ್ರೆಯಲ್ಲಿ ಹಲವು ವಸ್ತುಗಳಿದ್ದುದರಿಂದ ತಪ್ಪು ಯಾವುದರದ್ದೆಂದು ಆಗ ಹೇಳಲಾಗಲಿಲ್ಲ. ಆಮೇಲೆ ಉಪ್ಪಾಗೆ ಸಾರವನ್ನೇ ತೆಗೆದುಕೊಂಡವರಲ್ಲೂ ಲಿವರಿನ ತೊಂದರೆ ಕಂಡುಬಂತು. ಕೆಲವರ ಮೈಯ ಅನುವಂಶೀಯ ಗುಣವೂ ಇದಕ್ಕೆ ಕಾರಣವೆಂದು 2022ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ಎಲ್ಲ ಕೇಡೂ ಅಳತೆಯಲ್ಲೇ ಇರುತ್ತದೆ ಎಂದು ನಾವು ವಾದಿಸುತ್ತಿಲ್ಲ. ಕೆಲವರಿಗೆ ಸರಿಯಾದ ಅಳತೆಯೂ ಕೇಡೇ.

ನಾವು ಉರ್ದುವನ್ನೂ ಕನ್ನಡವನ್ನೂ ಒಟ್ಟಿಗೆ ಕಲಿತವರು. ಕನ್ನಡದ ಮೇಷ್ಟ್ರು ಹಲಗೆಯ ಮೇಲೆ ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು ಮಾತ್ರೆ ಎಂದು ಪ್ರಸ್ತಾರ ಹಾಕುವಾಗ, ಜ್ವರಕ್ಕೆ ನುಂಗುವ ಮಾತ್ರೆಗೂ ಇದಕ್ಕೂ ಏನು ಸಂಬಂಧವೆಂದು ನಮಗೆ ಬಗೆಹರಿದಿರಲಿಲ್ಲ. ಮಾತ್ರೆ ಎಂದರೆ ಮೂಲದಲ್ಲಿ ಅಳತೆ. ಗುಳಿಗೆಗೆ ಆ ಹೆಸರು ಬಂದದ್ದು ಆಮೇಲೆ. ಉರ್ದುವಿನಲ್ಲಿ 'ಖುರಾಕ್' ಎಂದರೆ ಊಟವೂ ಹೌದು, ಒಂದು ಹೊತ್ತಿಗೆ ಕುಡಿಯಬೇಕಾದ ಮದ್ದಿನ ಪ್ರಮಾಣವೂ ಹೌದು. ಚರಕ ಸಂಹಿತೆಯ ಸೂತ್ರಸ್ಥಾನದ ಐದನೆಯ ಅಧ್ಯಾಯದ ಹೆಸರೇ 'ಮಾತ್ರಾಶಿತೀಯ', ಅಂದರೆ ಅಳತೆಯರಿತು ಉಣ್ಣುವವನ ಕುರಿತಾದದ್ದು. ಆ ಅಳತೆ ಎಲ್ಲರಿಗೂ ಒಂದೇ ಅಲ್ಲ, ಉಣ್ಣುವವನ ಜಠರಾಗ್ನಿಯ ಬಲವನ್ನು ನೋಡಿ ನಿರ್ಧರಿಸತಕ್ಕದ್ದು ಎಂಬುದು ಅಲ್ಲಿನ ವಿಚಾರ. 21ನೆಯ ಅಧ್ಯಾಯದಲ್ಲಿ ಅತಿಸ್ಥೂಲ ಮತ್ತು ಅತಿಕೃಶ ದೇಹಗಳೆರಡರ ಚರ್ಚೆಯೂ ಇದೆ.

ಯುನಾನಿಯಲ್ಲಿ ಅತಿ ಬೊಜ್ಜಿಗೆ 'ಸಮನ್-ಎ-ಮುಫ್ರಿತ್' ಎಂದು ಹೆಸರು. ಮದ್ದುಗಳ ಬಲವನ್ನು ನಾಲ್ಕು ದರ್ಜೆಗಳಾಗಿ ವಿಂಗಡಿಸುವ ಕ್ರಮ ಗ್ರೀಕರ ಗ್ಯಾಲನ್‌ನಿಂದ ಬಂದದ್ದು. ಅದಕ್ಕೆ ಲೆಕ್ಕದ ಆಧಾರ ಕೊಡಲು ಹೊರಟವರು ಒಂಬತ್ತನೆಯ ಶತಮಾನದ ಬಗ್ದಾದಿನ ಅಲ್-ಕಿಂದಿ. ದರ್ಜೆ ಒಂದೊಂದು ಮೆಟ್ಟಿಲು ಏರಿದಂತೆ ಮದ್ದಿನ ಗುಣದ ಬಲ ಒಂದೊಂದೇ ಕೂಡುತ್ತಾ ಹೋಗುವುದಿಲ್ಲ, ಇಮ್ಮಡಿಯಾಗುತ್ತಾ ಹೋಗುತ್ತದೆ: ಎರಡು, ನಾಲ್ಕು, ಎಂಟು, ಹದಿನಾರು ಎಂದು ಅವರು ಲೆಕ್ಕ ಹಾಕಿದರು. ಹನ್ನೆರಡನೆಯ ಶತಮಾನದಲ್ಲಿ ಈ ಗ್ರಂಥ ಲ್ಯಾಟಿನ್ನಿಗೂ ಹೋಯಿತು. ಬಿಸಿ ತಂಪು ಎಂಬ ಆ ಹಳೆಯ ಸಿದ್ಧಾಂತವನ್ನು ಇಂದಿನ ವಿಜ್ಞಾನ ಒಪ್ಪುವುದಿಲ್ಲ. ಆದರೆ ಒಂದು ಮೆಟ್ಟಿಲು ಎಂಬುದು ಸಣ್ಣ ಹೆಜ್ಜೆಯಲ್ಲ ಎಂಬ ಅವರ ಎಚ್ಚರ ನಮಗೆ ಮುಂದೆ ಬೇಕಾಗುತ್ತದೆ.

ಆಧುನಿಕ ಕಾಲದ ತೂಕ ಇಳಿಸುವ ಮದ್ದುಗಳ ಚರಿತ್ರೆ ಬಹುಮಟ್ಟಿಗೆ ದುಃಖದ ಚರಿತ್ರೆ. 1890ರ ದಶಕದಲ್ಲಿ ಕುರಿಯ ಥೈರಾಯ್ಡ್ ಗ್ರಂಥಿಯ ಸಾರ ಬಂತು. ಥೈರಾಯ್ಡ್ ಕಡಿಮೆಯಿದ್ದವರಿಗೆ ಅದು ಜೀವದಾನ, ಬೊಜ್ಜಿಗೆಂದು ನುಂಗಿದವರಿಗೆ ಎದೆಬಡಿತ. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನ ಮದ್ದುಗುಂಡಿನ ಕಾರ್ಖಾನೆಗಳ ಕೆಲಸಗಾರರು ಡೈನೈಟ್ರೋಫಿನಾಲ್ ಎಂಬ ಸ್ಫೋಟಕ ವಸ್ತುವಿನ ಸಂಪರ್ಕದಿಂದ ಬೆವರಿ, ಬಡಕಲಾಗಿ, ಕೆಲವರು ಸತ್ತೇಹೋದದ್ದು ದಾಖಲಾಗಿತ್ತು. 1933ರಲ್ಲಿ ಸ್ಟ್ಯಾನ್‌ಫರ್ಡಿನ ವೈದ್ಯರು ಅದನ್ನೇ ಬೊಜ್ಜಿಗೆ ಮದ್ದೆಂದು ಮುಂದಿಟ್ಟರು. ಒಂದೆರಡು ವರ್ಷದಲ್ಲಿ ಅಮೆರಿಕದಲ್ಲಿ ಲಕ್ಷದಷ್ಟು ಜನ ನುಂಗಿದರು. ಕೆಲಸ ಮಾಡುವ ಅಳತೆಗೂ ಕೊಲ್ಲುವ ಅಳತೆಗೂ ನಡುವೆ ಅಂತರವೇ ಇಲ್ಲದ ವಸ್ತು ಅದು. ಕೆಲವರಿಗೆ ಕಣ್ಣಿನ ಪೊರೆ ಬಂತು, ಕೆಲವರು ಮೈ ಕಾದು ಸತ್ತರು. 1938ರ ಹೊಸ ಕಾನೂನಿನ ನಂತರ ಅದು ಅಲ್ಲಿನ ಅಂಗಡಿಗಳಿಂದ ಮರೆಯಾಯಿತು. ಕಳ್ಳದಾರಿಯಲ್ಲಿ ಇಂದಿಗೂ ಮಾರುವವರಿದ್ದಾರೆ. ಆಮೇಲೆ ಬಂದದ್ದು ಬಣ್ಣಬಣ್ಣದ ಮಾತ್ರೆಗಳ ಕಾಲ. ಆಂಫೆಟಮಿನ್, ಥೈರಾಯ್ಡ್, ಮೂತ್ರ ಹೆಚ್ಚಿಸುವ ಮದ್ದು, ಹೃದಯದ ಮದ್ದು ಎಲ್ಲವನ್ನೂ ಬೆರಸಿ ಕೊಡುತ್ತಿದ್ದರು. 1997ರಲ್ಲಿ ಹೃದಯದ ಕವಾಟ ಕೆಡಿಸಿದ ಫೆನ್‌ಫ್ಲುರಮಿನ್ ಹೋಯಿತು. 2010ರಲ್ಲಿ ಸಿಬುಟ್ರಮಿನ್ ಹೋಯಿತು, ಭಾರತವೂ 2011ರಲ್ಲಿ ಅದನ್ನು ನಿಷೇಧಿಸಿತು.

ಇಷ್ಟೆಲ್ಲ ಆದ ಮೇಲೆ, ತೂಕವನ್ನು ನಿಜಕ್ಕೂ ಇಳಿಸುವ ಮದ್ದು ಬಂದಿದೆಯೆಂದರೆ ನಂಬಲು ಕಷ್ಟ. ಆದರೆ ಬಂದಿದೆ. ಊಟವಾದ ಮೇಲೆ ನಮ್ಮ ಕರುಳು 'ಸಾಕು' ಎಂದು ಮಿದುಳಿಗೆ ಹೇಳಿಕಳಿಸುವ ಹಾರ್ಮೋನೊಂದಿದೆ. ಅದನ್ನು ಹೋಲುವ ವಸ್ತುವನ್ನು 1990ರ ದಶಕದ ಆರಂಭದಲ್ಲಿ ಅಮೆರಿಕದ ವೈದ್ಯ ಜಾನ್ ಎಂಗ್ ಕಂಡುಕೊಂಡದ್ದು ಗಿಲಾ ಎಂಬ ಮರುಭೂಮಿಯ ಹಲ್ಲಿಯ ವಿಷದಲ್ಲಿ. ಅದರಿಂದ ಬಂದ ಸಕ್ಕರೆ ಕಾಯಿಲೆಯ ಮದ್ದಿಗೆ 2005ರಲ್ಲಿ ಅನುಮತಿ ಸಿಕ್ಕಿತು. ಅದೇ ಹಾದಿಯಲ್ಲಿ ಸೆಮಾಗ್ಲುಟೈಡ್, ಟಿರ್ಝೆಪಟೈಡ್‌ಗಳು ಬಂದವು. 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಸೆಮಾಗ್ಲುಟೈಡ್ ತೆಗೆದುಕೊಂಡವರ ತೂಕ 68 ವಾರಗಳಲ್ಲಿ ಸರಾಸರಿ ಶೇಕಡಾ 14.9ರಷ್ಟು ಇಳಿಯಿತು. ಹುಸಿ ಮದ್ದಿನವರದು 2.4. ಭಾರತದಲ್ಲಿ 2025ರ ಮಾರ್ಚ್‌ನಲ್ಲಿ ಮೌಂಜಾರೊ, ಜೂನ್‌ನಲ್ಲಿ ವೆಗೋವಿ ಮಾರಾಟಕ್ಕೆ ಬಂದವು. ಸೆಮಾಗ್ಲುಟೈಡ್‌ನ ಪೇಟೆಂಟಿನ ಅವಧಿ ನಮ್ಮ ದೇಶದಲ್ಲಿ 2026ರ ಮಾರ್ಚ್‌ವರೆಗಿನದು.

ನಮ್ಮ ಊರುಗಳಿಗೆ ಈ ಪೆನ್ನುಗಳು ಬಂದದ್ದು ಅಂಗಡಿಯಿಂದಲ್ಲ, ದುಬೈ ವಿಮಾನದ ಕೈಚೀಲದಲ್ಲಿ. ನರಸಿಂಹರಾಜಪುರದಲ್ಲಿರುವ ನಮ್ಮ ಖಾಲಾನ ಮಗಳಿಗೆ, ನಾವು ಆಪಾ ಎನ್ನುತ್ತೇವೆ, ಅವರ ತಮ್ಮ ತಂದುಕೊಟ್ಟದ್ದು ಸೆಮಾಗ್ಲುಟೈಡ್‌ನ 0.25 ಮಿಲಿಗ್ರಾಂನ ಒಂದು ತಿಂಗಳ ಮದ್ದು. ವಾರಕ್ಕೊಂದು ಸಲ ಹೊಟ್ಟೆಯ ಚರ್ಮಕ್ಕೆ ಚುಚ್ಚಿಕೊಳ್ಳಬೇಕು. ತಿಂಗಳಾಯಿತು, ಹೇಳಿಕೊಳ್ಳುವಂಥ ಬದಲಾವಣೆಯೇನೂ ಇಲ್ಲ. ಮಗಳ ನಿಕಾಹ್‌ಗೆ ಎಂಟು ವಾರ ಉಳಿದಿತ್ತು. ಎರಡನೇ ಸಲ ಊರಿಗೆ ಬಂದವರ ಕೈಯಲ್ಲಿ ತಮ್ಮ ಕಳಿಸಿದ್ದು 1 ಮಿಲಿಗ್ರಾಂನ ಪೆನ್ನು. ಅಲ್ಲಿನ ಅಂಗಡಿಯಲ್ಲಿ ಸಿಕ್ಕಿದ್ದು ಅದೇ ಎಂದು ಫೋನ್ ಮಾಡಿದ. "ಮದ್ದು ಒಂದೇ ಅಲ್ಲವಾ, ಜಲ್ದಿ ಕೆಲಸ ಮಾಡ್ತದೆ ಅಷ್ಟೆ" ಎಂದು ಆಪಾ ಚುಚ್ಚಿಕೊಂಡರು. ಮರುದಿನದಿಂದ ವಾಂತಿ. ಎರಡು ದಿನ ನೀರೂ ನಿಲ್ಲಲಿಲ್ಲ. ಮೂರನೆಯ ದಿನ ಬಚ್ಚಲಲ್ಲಿ ತಲೆತಿರುಗಿ ಬಿದ್ದರು. ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿ ರಕ್ತ ನೋಡಿದಾಗ ಕಿಡ್ನಿಯ ಮೇಲೂ ಒತ್ತಡ ಬಿದ್ದಿತ್ತು. ವೈದ್ಯರು ಕೇಳಿದ ಮೊದಲ ಪ್ರಶ್ನೆ: "ಏನಮ್ಮಾ, ನಡುವಿನ 0.5 ಎಲ್ಲಿ ಹೋಯಿತು?"

ಆ ಪ್ರಶ್ನೆಯನ್ನು ಸ್ವಲ್ಪ ಬಿಡಿಸಿ ನೋಡುವುದು ಒಳ್ಳೆಯದು. ತೂಕಕ್ಕೆಂದು ಸೆಮಾಗ್ಲುಟೈಡ್ ಕೊಡುವ ಕ್ರಮ ಹೀಗಿದೆ: ವಾರಕ್ಕೊಮ್ಮೆ 0.25 ಮಿಲಿಗ್ರಾಂನಂತೆ ನಾಲ್ಕು ವಾರ, 0.5 ನಾಲ್ಕು ವಾರ, 1 ನಾಲ್ಕು ವಾರ, 1.7 ನಾಲ್ಕು ವಾರ, ಆಮೇಲೆ 2.4. ಟಿರ್ಝೆಪಟೈಡ್‌ನಲ್ಲಿ 2.5ರಿಂದ ಶುರುವಾಗಿ ನಾಲ್ಕು ವಾರದ ಮೇಲೆ 5, ಮುಂದೆ ಬೇಕೆನಿಸಿದರೆ ಕನಿಷ್ಠ ನಾಲ್ಕು ವಾರಕ್ಕೊಮ್ಮೆ 2.5ರಂತೆ ಏರಿಕೆ, 15 ಮಿತಿ. ಮೊದಲ ತಿಂಗಳ ಅಳತೆ ತೂಕ ಇಳಿಸುವುದಕ್ಕಲ್ಲ, ಹೊಟ್ಟೆಗೆ ಮದ್ದಿನ ಪರಿಚಯ ಮಾಡಿಸುವುದಕ್ಕೆ. ಇದನ್ನು ಹೇಳುವವರಿಲ್ಲದೆ ಜನ 'ಕೆಲಸ ಮಾಡ್ತಿಲ್ಲ' ಎಂದು ಹಾರುತ್ತಾರೆ. ನಾಲ್ಕು ವಾರ ಏಕೆಂದರೆ, ಸೆಮಾಗ್ಲುಟೈಡ್ ಮೈಯಲ್ಲಿ ಅರ್ಧಕ್ಕಿಳಿಯಲು ಸುಮಾರು ಒಂದು ವಾರ ಬೇಕು. ಈ ವಾರದ ಮದ್ದಿನ ಮೇಲೆ ಮುಂದಿನ ವಾರದ್ದು ಕೂಡಿ, ರಕ್ತದಲ್ಲಿ ಮಟ್ಟ ಒಂದು ಹದಕ್ಕೆ ನಿಲ್ಲಲು ನಾಲ್ಕೈದು ವಾರ ಹಿಡಿಯುತ್ತದೆ. ಆ ಹದ ನಿಲ್ಲುವ ಮುಂಚೆ ಏರಿಸಿದರೆ ಅಳತೆ ಅಂದಾಜಿಗೆ ಸಿಗುವುದಿಲ್ಲ. ಏರಿಸಿ ಕೆಟ್ಟರೆ ಇಳಿಸಿದ ಕೂಡಲೇ ಸುಖವಾಗುವುದೂ ಇಲ್ಲ. ಮೊದಲ ಮೂರು ಮೆಟ್ಟಿಲು ಒಂದರ ಇಮ್ಮಡಿ ಇನ್ನೊಂದು ಎಂಬುದನ್ನು ಗಮನಿಸಿ. ಅಲ್-ಕಿಂದಿಯ ಲೆಕ್ಕಕ್ಕೂ ಇದಕ್ಕೂ ಸಂಬಂಧವಿಲ್ಲ, ಬರೀ ಕಾಕತಾಳೀಯ. ಆದರೆ ಆಪಾ ಹಾರಿದ್ದು ನೋಡಲು ಒಂದು ಮೆಟ್ಟಿಲು, ಲೆಕ್ಕದಲ್ಲಿ ನಾಲ್ಕು ಪಟ್ಟು.

ಏರಿಸುವುದು ಕಡ್ಡಾಯವೂ ಅಲ್ಲ. ವಾಂತಿ, ವಾಕರಿಕೆ, ಮಲಬದ್ಧತೆ ಕಾಡುತ್ತಿದ್ದರೆ ವೈದ್ಯರು ಇದ್ದ ಮೆಟ್ಟಿಲಲ್ಲೇ ಇನ್ನಷ್ಟು ವಾರ ನಿಲ್ಲಿಸುತ್ತಾರೆ, ಅಥವಾ ಒಂದು ಮೆಟ್ಟಿಲು ಇಳಿಸುತ್ತಾರೆ. ಸಣ್ಣ ಅಳತೆಯಲ್ಲೇ ತೂಕ ಇಳಿಯುತ್ತಿದ್ದರೆ ಅಲ್ಲೇ ಇರಬಹುದು. ಒಂದು ವಾರದ ಸೂಜಿ ಮರೆತುಹೋದರೆ, ಸೆಮಾಗ್ಲುಟೈಡ್‌ನಲ್ಲಿ ಮುಂದಿನ ಸೂಜಿಗೆ ಎರಡು ದಿನಕ್ಕಿಂತ ಹೆಚ್ಚು ಉಳಿದಿದ್ದರೆ ನೆನಪಾದಾಗ ಚುಚ್ಚಿಕೊಳ್ಳಬಹುದು, ಇಲ್ಲದಿದ್ದರೆ ಅದನ್ನು ಬಿಟ್ಟು ಮುಂದಿನ ವಾರಕ್ಕೆ ಕಾಯಬೇಕು. ಟಿರ್ಝೆಪಟೈಡ್‌ಗೆ ಮರೆತ ದಿನದಿಂದ ನಾಲ್ಕು ದಿನದ ಗಡುವು. ಎರಡು ವಾರದ್ದನ್ನು ಒಟ್ಟಿಗೆ ಚುಚ್ಚಿಕೊಳ್ಳುವುದು ಎಂದಿಗೂ ಇಲ್ಲ. ಹಲವು ವಾರ ತಪ್ಪಿದ್ದರೆ ಹಳೆಯ ಮೆಟ್ಟಿಲಿಗೇ ನೇರ ಹೋಗಬಾರದು. ಹೊಟ್ಟೆ ಅಷ್ಟರಲ್ಲಿ ಪರಿಚಯ ಮರೆತಿರುತ್ತದೆ, ಮತ್ತೆ ಕೆಳಗಿನಿಂದ ಶುರುಮಾಡಬೇಕೇ ಎಂದು ವೈದ್ಯರನ್ನು ಕೇಳಬೇಕು. ಗ್ಲಿಮೆಪಿರೈಡ್‌ನಂಥ ಸಕ್ಕರೆ ಮಾತ್ರೆಯನ್ನೋ ಇನ್ಸುಲಿನ್ನನ್ನೋ ತೆಗೆದುಕೊಳ್ಳುವವರು ಇದನ್ನು ಶುರುಮಾಡಿದರೆ ಆ ಹಳೆಯ ಮದ್ದಿನ ಅಳತೆಯನ್ನೂ ವೈದ್ಯರು ಇಳಿಸಬೇಕಾಗಬಹುದು, ಇಲ್ಲದಿದ್ದರೆ ಸಕ್ಕರೆ ಕುಸಿಯುತ್ತದೆ. ಗರ್ಭಿಣಿಯರಿಗೆ ಇದು ಸಲ್ಲದು, ಮಗು ಬೇಕೆನ್ನುವವರು ಸೆಮಾಗ್ಲುಟೈಡನ್ನು ಎರಡು ತಿಂಗಳು ಮೊದಲೇ ಬಿಡಬೇಕು. ಹೊಟ್ಟೆನೋವು ಬೆನ್ನಿಗೆ ಹಾಯ್ದು ಬಿಡದಿದ್ದರೆ ಮೇದೋಜೀರಕಾಂಗದ ಉರಿಯೂತವಿರಬಹುದು, ಆಗ ಮುಂದಿನ ಸೂಜಿಯ ಮಾತೇ ಬೇಡ, ಆಸ್ಪತ್ರೆಗೆ ಹೋಗಬೇಕು.

ರಮಝಾನಿನಲ್ಲಿ ಉಪವಾಸ ಹಿಡಿಯುವವರಿಗೆ ಇನ್ನೊಂದು ಮಾತು. ಹಗಲು ನೀರಿಲ್ಲದ ತಿಂಗಳಲ್ಲಿ ಹೊಸದಾಗಿ ಶುರುಮಾಡುವುದಕ್ಕೂ ಅಳತೆ ಏರಿಸುವುದಕ್ಕೂ ಹೋಗಬಾರದು. ಕೆಲವು ವಾರ ಮೊದಲೇ ವೈದ್ಯರೊಡನೆ ಮಾತಾಡಿ ಒಂದು ಹದಕ್ಕೆ ಬಂದಿರಬೇಕು. ವಾಂತಿಯಾಗುತ್ತಿದ್ದರೆ ಉಪವಾಸ ಮುರಿಯುವ ರಿಯಾಯಿತಿ ರೋಗಿಗೆ ಇದ್ದೇ ಇದೆ.

ಬಾಟಲಿಯಲ್ಲಿ ಬರುವ ಮದ್ದನ್ನು ಸಿರಿಂಜಿಗೆ ತುಂಬಿಕೊಳ್ಳುವವರ ಕಥೆ ಇನ್ನೂ ಕಷ್ಟದ್ದು. ಮಿಲಿಗ್ರಾಂ, ಮಿಲಿಲೀಟರ್, ಯೂನಿಟ್ ಮೂರೂ ಬೇರೆಬೇರೆ. ಅಮೆರಿಕದಲ್ಲಿ ಈ ಗೊಂದಲದಿಂದ ಕೆಲವರು ಬೇಕಾದ್ದಕ್ಕಿಂತ 5ರಿಂದ 20 ಪಟ್ಟು ಚುಚ್ಚಿಕೊಂಡು ಆಸ್ಪತ್ರೆ ಸೇರಿದ್ದನ್ನು ಅಲ್ಲಿನ ಔಷಧ ಇಲಾಖೆ 2024ರ ಜುಲೈನಲ್ಲಿ ಪ್ರಕಟಿಸಿತು. ಓದು ಬಲ್ಲವರಿಗೇ ಹೀಗಾದರೆ, ವಾಟ್ಸಾಪಿನಲ್ಲಿ ಬಂದ ಚಿತ್ರ ನೋಡಿ ಚುಚ್ಚಿಕೊಳ್ಳುವವರ ಪಾಡೇನು? ಭಾರತದಲ್ಲಿ ವೈದ್ಯರ ಚೀಟಿಯಿಲ್ಲದೆ ಈ ಮದ್ದನ್ನು ಮಾರುವಂತಿಲ್ಲ. ಆದರೆ ಕಾನೂನು ಅಂಗಡಿಯ ಕಟ್ಟೆಯವರೆಗೆ, ನೆಂಟರ ಕೈಚೀಲಕ್ಕೆ ಅದು ತಲುಪುವುದಿಲ್ಲ.

ಆಪಾ ಮಗಳ ನಿಕಾಹ್‌ಗೆ ಹಳೆಯ ತೂಕದಲ್ಲೇ ನಿಂತರು. ಸೀರೆಯ ಬಗ್ಗೆ ಯಾರೂ ಏನೂ ಹೇಳಲಿಲ್ಲ ಎಂದು ನಮಗೆ ನೆನಪು. ಮೂರು ತಿಂಗಳ ಮೇಲೆ ಶಿವಮೊಗ್ಗದ ವೈದ್ಯರೊಬ್ಬರ ಕೈಕೆಳಗೆ 0.25ರಿಂದಲೇ ಮತ್ತೆ ಶುರುಮಾಡಿದರು. ಈಗ 0.5ರಲ್ಲಿದ್ದಾರೆ. ಇನ್ನೂ ಏರಿಸುವುದು ಬೇಡ, ತೂಕ ನಿಧಾನಕ್ಕೆ ಇಳಿಯುತ್ತಿದೆ ಎಂದು ವೈದ್ಯರು ಅಂದಿದ್ದಾರೆ. ಮದ್ದು ನಿಲ್ಲಿಸಿದರೆ ಒಂದು ವರ್ಷದೊಳಗೆ ಇಳಿದ ತೂಕದ ಮೂರರಲ್ಲಿ ಎರಡು ಪಾಲು ಮರಳಿತೆಂಬ ಪ್ರಯೋಗದ ಫಲಿತಾಂಶವನ್ನೂ ಅವರೇ ತಿಳಿಸಿದರಂತೆ. ಆಪಾ ಅದನ್ನು ಕೇಳಿ ಒಂದು ವಾರ ಮಂಕಾಗಿದ್ದರು.

ಈಗ ಅವರ ಚಿಂತೆ ಬೇರೆ. ತೆರೆಯದ ಪೆನ್ನನ್ನು 2ರಿಂದ 8 ಡಿಗ್ರಿಯ ತಂಪಿನಲ್ಲಿಡಬೇಕು, ಹೆಪ್ಪುಗಟ್ಟಲೂ ಬಾರದು. ಮಲೆನಾಡಿನಲ್ಲಿ ಜುಲೈ ಬಂತೆಂದರೆ ಮರ ಬಿದ್ದು ಮೂರು ದಿನ ಕರೆಂಟಿರುವುದಿಲ್ಲ. ಪಕ್ಕದ ಮನೆಯ ಭಟ್ಟರಲ್ಲಿ ದೊಡ್ಡ ಇನ್ವರ್ಟರ್ ಇದೆ, ಪೆನ್ನು ಈಗ ಅವರ ಫ್ರಿಡ್ಜಿನ ಬಾಗಿಲಲ್ಲಿದೆ. ಆಪಾನ ಅಡುಗೆಮನೆಯ ಗೂಡಿನಲ್ಲಿ ಉಪ್ಪಾಗೆ ಹುಳಿಯ ಸೀಸೆ ಹಾಗೇ ಇದೆ. ಮೊನ್ನೆ ಮೀನು ಸಾರಿಗೆ ಎಷ್ಟು ಹಾಕುತ್ತೀರಿ ಎಂದು ಕೇಳಿದರೆ ಕಿರುಬೆರಳಿನ ತುದಿ ತೋರಿಸಿದರು.